ಕೆಂಪು ದೀಪ ಹತ್ತಿದಾಗ ಟ್ರ್ಯಾಕ್ಟರ್ ನಿಲ್ಲಿಸುವ ಅಧಿಕಾರ ಯಾರದು?

ನಮ್ಮ ರೈತರು ಇಂದು ಮಾಗಿ ಉಳುಮೆಯಿಂದ ಹಿಡಿದು ಒಕ್ಕಣೆ, ಸಾಗಾಣಿಕೆಯವರೆಗೆ ಬಹುಪಾಲು ಕೆಲಸಗಳಿಗೆ ಟ್ರ್ಯಾಕ್ಟರನ್ನೇ ಅವಲಂಬಿಸಿರುವುದು ಎಲ್ಲರಿಗೂ ತಿಳಿದ ಸಂಗತಿ. ಎತ್ತುಗಳಿದ್ದ ಮನೆಗಳಲ್ಲಿ ಎತ್ತು ಮೇವು ಬಿಟ್ಟರೆ, ಮೂಗು ಒಣಗಿದರೆ, ಕಿವಿ ಜೋಲು ಬಿದ್ದರೆ ಚಿಕ್ಕ ಮಕ್ಕಳೂ ಅದನ್ನು ಗುರುತಿಸಿ ಹಿರಿಯರಿಗೆ ತಿಳಿಸುತ್ತಿದ್ದರು. ಟ್ರ್ಯಾಕ್ಟರ್ ಕೂಡ ತನಗೆ ಬಂದ ಕಷ್ಟವನ್ನು ಹೇಳಿಕೊಳ್ಳುತ್ತದೆ. ಸ್ಟೇರಿಂಗಿನ ಮುಂದಿರುವ ಮೀಟರ್ ಬೋರ್ಡಿನ ಮೇಲೆ ಹತ್ತುವ ಸಣ್ಣ ಸಣ್ಣ ದೀಪಗಳೇ ಅದರ ಮಾತು. ಆದರೆ ಈ ಮಾತನ್ನು ನಾವು ಕಲಿತಿಲ್ಲ. ಕಲಿತವರೂ ಅದಕ್ಕೆ ಬೆಲೆ ಕೊಡುತ್ತಿಲ್ಲ.

ನಾನು ಬೇಸಾಯ ಶಾಸ್ತ್ರದವನು, ಯಂತ್ರಗಳ ಎಂಜಿನಿಯರ್ ಅಲ್ಲ. ಹಾಗಿದ್ದೂ ಈ ವಿಷಯವನ್ನು ಕುರಿತು ಬರೆಯಲು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ ಕಾರಣ. ನಮ್ಮದು ಹಾವೇರಿ ಜಿಲ್ಲೆಯ ಎರೆ ಹೊಲಗಳ ಊರು. 2005ರ ಮುಂಗಾರಿನ ಆರಂಭದಲ್ಲಿ ನಾನು ಓದಿನ ನಡುವೆ ರಜೆಗೆ ಊರಿಗೆ ಹೋಗಿದ್ದೆ. ಮೊದಲ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು; ಮತ್ತೊಂದು ಮಳೆಯ ಮೋಡ ಪಡುವಣದಲ್ಲಿ ಕಟ್ಟಿತ್ತು. ಮೆಕ್ಕೆಜೋಳ ಬಿತ್ತಲು ಇನ್ನೂ ಎರಡೆಕರೆ ಹರಗುವುದಿತ್ತು. ಡ್ರೈವರ್ ಬದುವಿನ ಹತ್ತಿರ ಹೊರಳುವಾಗ ಗಾಡಿ ನಿಲ್ಲಿಸಿ ನನ್ನ ಅಣ್ಣನನ್ನು ಕೇಳಿದ: "ಗೌಡ್ರ, ಎಣ್ಣಿ ದೀಪ ಕೆಂಪಗ ಆಗೇತ್ರಿ. ನಿಂದ್ರಸ್ಲೇನ್ರೀ?" ಅಣ್ಣ ಆಕಾಶ ನೋಡಿ ಹೇಳಿದ: "ಅದು ಹೋದ ವರ್ಷದಿಂದ ಹಂಗ ಮಿಣಕತೈತಿ. ಮಳಿ ತಲಿ ಮ್ಯಾಲ ಬಂದೈತಿ, ಮದ್ಲ ಹೊಲ ಮುಗಸು." ಡ್ರೈವರ್ ಮರುಮಾತಾಡದೆ ಹೊಡೆದ. ನಾನು ಬದುವಿನ ಮೇಲೆಯೇ ನಿಂತಿದ್ದೆ. ಕೃಷಿ ಪದವಿ ಮುಗಿಸಿದ್ದ ನಾನೂ ಏನೂ ಹೇಳಲಿಲ್ಲ.

ಇನ್ನೆರಡು ಸುತ್ತು ಬರುವಷ್ಟರಲ್ಲಿ ಎಂಜಿನ್ನಿನೊಳಗಿನಿಂದ ಕಬ್ಬಿಣ ಕುಟ್ಟಿದಂತೆ ಸದ್ದು ಬಂತು. ಆಮೇಲೆ ಗಾಡಿ ನಿಂತೇಬಿಟ್ಟಿತು. ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳು ಕರಗಿ ಶಾಫ್ಟಿಗೇ ಗೆರೆ ಬಿದ್ದಿದ್ದವು. ಮೂಲ ಕಾರಣ, ಆಯಿಲ್ ಇಳಿಸುವ ಬೋಲ್ಟಿನ ಕೆಳಗಿನ ಒಂದು ವಾಷರ್. ಅದು ಸವೆದು ದಿನವೂ ಹನಿ ಹನಿಯಾಗಿ ಆಯಿಲ್ ಸೋರುತ್ತಿತ್ತು. ಗಾಡಿ ಹತ್ತೊಂಬತ್ತು ದಿನ ಗ್ಯಾರೇಜಿನಲ್ಲಿತ್ತು. ಬಾಡಿಗೆ ಗಾಡಿ ಸಿಕ್ಕುವ ಹೊತ್ತಿಗೆ ಹದ ಹೋಗಿತ್ತು. ಎಂಜಿನ್ ರಿಪೇರಿಗೆ ತೆತ್ತ ಹಣಕ್ಕಿಂತ ತಡವಾದ ಬಿತ್ತನೆಯಿಂದ ಆದ ಇಳುವರಿಯ ನಷ್ಟವೇ ದೊಡ್ಡದಾಯಿತೆಂಬುದು ನನ್ನ ಲೆಕ್ಕ. ಇಷ್ಟಾದ ಮೇಲೆ ಬೈಗುಳ ತಿಂದವನು ಯಾರು? ಡ್ರೈವರೇ. "ಗೊತ್ತಿದ್ದೂ ಯಾಕ ಹೊಡದಿ?" ಎಂದು ಅವನನ್ನು ಕೇಳಲಾಯಿತು. ಮರುವರ್ಷದ ಯುಗಾದಿಗೆ ಅವನು ನಮ್ಮ ಮನೆ ಬಿಟ್ಟು ಬೇರೆ ಕಡೆ ಸೇರಿಕೊಂಡ.

ಈ ಒಂದು ಉದಾಹರಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತುಗಳನ್ನು ಓದಬೇಕೆಂದು ರೈತ ಬಾಂಧವರಲ್ಲಿ ಕೇಳಿಕೊಳ್ಳುತ್ತೇನೆ.

ಬಣ್ಣ ಮೊದಲು, ಚಿತ್ರ ಆಮೇಲೆ

ಮೀಟರ್ ಬೋರ್ಡಿನ ಚಿತ್ರಗಳನ್ನು ಯಾವ ಭಾಷೆಯೂ ಬೇಕಾಗದಂತೆ ರೂಪಿಸಲಾಗಿದೆ. ಕಾರು, ಲಾರಿಗಳಿಗೂ ಟ್ರ್ಯಾಕ್ಟರ್ ಮತ್ತು ಇತರ ಕೃಷಿ ಯಂತ್ರಗಳಿಗೂ ಅಂತರರಾಷ್ಟ್ರೀಯ ಮಾನಕಗಳಿವೆ. ಆದುದರಿಂದ ಕಂಪನಿ ಬೇರೆಯಾದರೂ ಮುಖ್ಯ ಗುರುತುಗಳು ಹೆಚ್ಚು ಕಡಿಮೆ ಒಂದೇ. ಎಲ್ಲ ಚಿತ್ರಗಳನ್ನೂ ನೆನಪಿಡಲಾಗದಿದ್ದರೆ ಬಣ್ಣವನ್ನಾದರೂ ನೆನಪಿಡಬೇಕು. ಹಸಿರು, ನೀಲಿ ದೀಪಗಳು ಯಾವುದೋ ಒಂದು ಕೆಲಸ ಚಾಲೂ ಇದೆ ಎಂದಷ್ಟೇ ತಿಳಿಸುತ್ತವೆ. ಹಳದಿ ಅಥವಾ ಕಿತ್ತಳೆ ಬಣ್ಣ ಬಂದರೆ ಕೆಲಸವನ್ನು ಕೂಡಲೇ ಬಿಡಬೇಕಾಗಿಲ್ಲವಾದರೂ ಕಾರಣವನ್ನು ಬೇಗ ಹುಡುಕಬೇಕು. ಕೆಂಪು ಬಂದರೆ ನಿಲ್ಲಿಸಬೇಕು. "ಈ ಸಾಲು ಮುಗಿಸಿ" ಎಂಬ ಮಾತು ಕೆಂಪಿಗೆ ಅನ್ವಯಿಸುವುದಿಲ್ಲ.

ಬೆಳೆಯಲ್ಲಿಯೂ ಹೀಗೆಯೇ ಅಲ್ಲವೇ? ಮೆಕ್ಕೆಜೋಳದ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾದರೆ ಸಾರಜನಕದ ಕೊರತೆಯೆಂದು ನೀವು ಈಗ ಹೊಲದಲ್ಲಿ ನಿಂತೇ ಹೇಳುತ್ತೀರಿ. ನೀರು ನಿಂತ ಮಡಿಯಲ್ಲಿ ಗೊಬ್ಬರ ಹಾಕಿದ್ದರೂ ಬೆಳೆ ಹಳದಿಯಾಗುತ್ತದೆಂಬುದೂ ನಿಮಗೆ ಗೊತ್ತು. ಎಲೆಯ ಬಣ್ಣ ನೋಡಿ ಕಾರಣ ಹುಡುಕುವ ಈ ಅಭ್ಯಾಸವನ್ನೇ ಟ್ರ್ಯಾಕ್ಟರಿಗೂ ಹಚ್ಚಬೇಕು. ದೀಪ ರೋಗದ ಹೆಸರು ಹೇಳುವುದಿಲ್ಲ, ಲಕ್ಷಣವನ್ನಷ್ಟೇ ತೋರಿಸುತ್ತದೆ.

ಪ್ರತಿದಿನ ಕೀಲಿ ತಿರುಗಿಸಿದಾಗ, ಎಂಜಿನ್ ಚಾಲೂ ಆಗುವ ಮುನ್ನ, ಆಯಿಲ್ ದೀಪ ಮತ್ತು ಬ್ಯಾಟರಿ ದೀಪ ಹತ್ತಿರಬೇಕು. ಎಂಜಿನ್ ಹಿಡಿದ ಕೆಲವು ಕ್ಷಣಗಳಲ್ಲಿ ಅವು ಆರಬೇಕು. ಆರದಿದ್ದರೆ ದೋಷವಿದೆ ಎಂಬುದು ಸುಲಭವಾಗಿ ತಿಳಿಯುತ್ತದೆ. ಆದರೆ ಮೊದಲು ಹತ್ತದೇ ಇದ್ದರೂ ಅದು ದೋಷವೇ: ಬಲ್ಬ್ ಹೋಗಿರಬೇಕು, ಇಲ್ಲವೇ ತಂತಿ ಕಡಿದಿರಬೇಕು. ಅಂಥ ಗಾಡಿ ಕಾವಲು ನಾಯಿ ಸತ್ತ ಮನೆಯಂತೆ. ರಾತ್ರಿ ಸದ್ದಿಲ್ಲವೆಂದು ಕಳ್ಳ ಬಂದಿಲ್ಲವೆನ್ನಲಾಗದು. ನಮ್ಮ ಹಳ್ಳಿಗಳಲ್ಲಿ ಹಳೆಯ ಟ್ರ್ಯಾಕ್ಟರುಗಳ ಮೀಟರ್ ಬೋರ್ಡ್ ಪೂರ್ತಿ ಸತ್ತಿರುವುದು, ಅದರ ಪಕ್ಕದಲ್ಲಿಯೇ ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆಗಳು ಕುಳಿತಿರುವುದು ಸಾಮಾನ್ಯ ನೋಟ. ಹಾಡು ಕೇಳುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಆ ಸದ್ದಿನಲ್ಲಿ ಎಂಜಿನ್ನಿನ ಸದ್ದು ಕೇಳಿಸುವುದಿಲ್ಲವಾದುದರಿಂದ ದೀಪವಾದರೂ ನೆಟ್ಟಗಿರಬೇಡವೇ?

ಎಣ್ಣೆ ಗಿಂಡಿಯ ಚಿತ್ರ

ಹಿಂದಿನ ಕಾಲದ ಎಣ್ಣೆ ಗಿಂಡಿ, ಅದರ ಮೂತಿಯಲ್ಲಿ ಒಂದು ಹನಿ. ಇದು ಎಂಜಿನ್ ಆಯಿಲ್ ಒತ್ತಡದ ದೀಪ. ಬಹಳ ಜನ ಇದನ್ನು ಆಯಿಲ್ ಪ್ರಮಾಣದ ದೀಪವೆಂದು ತಿಳಿದಿದ್ದಾರೆ. ಇದು ತಪ್ಪು ತಿಳಿವಳಿಕೆ. ಈ ದೀಪ ಹೇಳುವುದು ಒತ್ತಡವನ್ನು ಮಾತ್ರ. ತಿರುಗುವ ಶಾಫ್ಟಿಗೂ ಬೇರಿಂಗಿಗೂ ನಡುವೆ ಆಯಿಲಿನ ತೆಳುವಾದ ಪೊರೆ ಇರುತ್ತದೆ. ಪಂಪು ಒತ್ತಡದಿಂದ ಆಯಿಲನ್ನು ಅಲ್ಲಿಗೆ ದೂಡುತ್ತಿದ್ದರೆ ಮಾತ್ರ ಆ ಪೊರೆ ಉಳಿಯುತ್ತದೆ. ಒತ್ತಡ ಬಹಳ ಕೆಳಗೆ ಇಳಿದಾಗಲೇ ದೀಪ ಹತ್ತುವುದು. ಎಂದರೆ ದೀಪ ಹತ್ತುವ ಹೊತ್ತಿಗೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸ್ಥಿತಿ ಹತ್ತಿರ ಬಂದಿರುತ್ತದೆ. ಹೊರೆಯ ಮೇಲಿರುವ ಎಂಜಿನ್ ಈ ಸ್ಥಿತಿಯಲ್ಲಿ ಕೆಲವೇ ನಿಮಿಷಗಳಲ್ಲಿ ಹಾಳಾಗಬಹುದು.

ಆದುದರಿಂದ ಈ ದೀಪ ಹತ್ತಿದ ಕೂಡಲೇ ಎಂಜಿನ್ ಬಂದ್ ಮಾಡಬೇಕು. ಗಾಡಿ ಇಳಿಜಾರಿನಲ್ಲಿದ್ದರೆ ಎಂಜಿನ್ ಚಾಲೂ ಮಾಡದೆ ಜನ ಸೇರಿ, ಹತೋಟಿಯಲ್ಲಿಟ್ಟುಕೊಂಡು ಸಮತಟ್ಟಿಗೆ ತಂದು, ಐದು ಹತ್ತು ನಿಮಿಷ ಬಿಟ್ಟು ಆಯಿಲ್ ನೋಡುವ ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ನೋಡಿರಿ. ಕೆಳಗಿನ ಗೆರೆಗಿಂತ ಕಡಿಮೆಯಿದ್ದರೆ ಅದೇ ದರ್ಜೆಯ ಆಯಿಲ್ ತುಂಬಿ, ಸೋರಿಕೆ ಎಲ್ಲಿಯೆಂದು ಹುಡುಕಿರಿ. ಆಯಿಲ್ ಸರಿಯಾಗಿದ್ದೂ ದೀಪ ಆರದಿದ್ದರೆ ಮತ್ತೆ ಚಾಲೂ ಮಾಡಬೇಡಿರಿ. ಸ್ವಿಚ್ ಕೆಟ್ಟಿರಬಹುದು, ಅದು ಅಗ್ಗದ ದೋಷ. ಪಂಪ್ ಅಥವಾ ಜಾಲರಿ ಕಟ್ಟಿರಬಹುದು, ಅದು ದುಬಾರಿ ದೋಷ. ಯಾವುದೆಂದು ಹೊಲದಲ್ಲಿ ನಿಂತು ಊಹಿಸುವುದು ಬೇಡ; ಮೆಕ್ಯಾನಿಕ್ ಒತ್ತಡದ ಮೀಟರ್ ಹಚ್ಚಿ ನೋಡಿ ಹೇಳಲಿ. ದೀಪ ಏರಿಳಿತದಲ್ಲಿ, ಹೊರಳುವಾಗ ಮಾತ್ರ ಮಿಣುಕುತ್ತಿದ್ದರೆ ಅದನ್ನು ಲೂಸ್ ತಂತಿ ಎಂದು ತಳ್ಳಿಹಾಕುವುದೇ ಹೆಚ್ಚು. ಆದರೆ ಆಯಿಲ್ ಕಡಿಮೆಯಾದಾಗ ಗಾಡಿ ಓರೆಯಾದೊಡನೆ ಪಂಪು ಗಾಳಿ ಎಳೆಯುವುದರಿಂದಲೂ ಹೀಗೆ ಆಗುತ್ತದೆ. ನಮ್ಮ ಗಾಡಿಯಲ್ಲಿ ಆದದ್ದು ಇದೇ.

ಕಡ್ಡಿ ನೋಡುವಾಗ ಆಯಿಲ್ ಏರಿದ್ದರೂ ಸಂತೋಷಪಡಬೇಡಿರಿ. ಡೀಸೆಲ್ ವಾಸನೆ ಬಂದರೆ ಡೀಸೆಲ್ ಸೇರುತ್ತಿದೆ. ಹಾಲು ಬೆರೆಸಿದ ಬಣ್ಣವಿದ್ದರೆ ನೀರು ಸೇರಿದೆ.

ಬ್ಯಾಟರಿ ದೀಪ ಮತ್ತು ಫ್ಯಾನ್ ಬೆಲ್ಟ್

ಎರಡು ಮೊಳೆಗಳಿರುವ ಪೆಟ್ಟಿಗೆಯ ಚಿತ್ರ ಕೆಂಪಾಗಿ ಹತ್ತಿದರೆ "ಬ್ಯಾಟರಿ ಹೋಯಿತು" ಎಂದು ಹೊಸ ಬ್ಯಾಟರಿ ತಂದವರನ್ನು ನಾನು ಕಂಡಿದ್ದೇನೆ. ದೀಪ ಹೇಳುವುದು ಚಾರ್ಜ್ ಆಗುತ್ತಿಲ್ಲ ಎಂದು. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಒಂದೇ ಬೆಲ್ಟ್ ಆಲ್ಟರ್ನೇಟರನ್ನೂ ಫ್ಯಾನನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಹರಿದರೆ ಮೊದಲು ಹತ್ತುವುದು ಬ್ಯಾಟರಿ ದೀಪ. ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ಕಾಯಲು ಆರಂಭವಾಗುತ್ತದೆ. ಎಂದರೆ ಈ ದೀಪ ಹತ್ತಿದಾಗ ಮೊದಲು ಇಳಿದು ನೋಡಬೇಕಾದುದು ಬ್ಯಾಟರಿಯನ್ನಲ್ಲ, ಬೆಲ್ಟನ್ನು. ಬೆಲ್ಟ್ ಗಟ್ಟಿಯಾಗಿದ್ದು ಚಾರ್ಜ್ ಮಾತ್ರ ಇಲ್ಲದಿದ್ದರೆ, ಹಳೆಯ ಮಾದರಿಯ ಡೀಸೆಲ್ ಪಂಪಿನ ಟ್ರ್ಯಾಕ್ಟರು ಹಗಲಿನಲ್ಲಿ ಮನೆ ಸೇರುತ್ತದೆ. ಕಂಪ್ಯೂಟರಿನಿಂದ ನಡೆಯುವ ಹೊಸ ಎಂಜಿನ್ನುಗಳಿಗೆ ವಿದ್ಯುತ್ ಬೇಕೇ ಬೇಕು; ಅವು ಬ್ಯಾಟರಿ ಇಳಿದಂತೆ ದಾರಿಯಲ್ಲಿಯೇ ನಿಲ್ಲುತ್ತವೆ.

ಇನ್ನು ಕಾವು. ನೀರಿನ ಅಲೆಗಳಲ್ಲಿ ನಿಂತ ಥರ್ಮಾಮೀಟರಿನ ಚಿತ್ರ ಕೆಂಪಾದರೆ, ಅಥವಾ ಮುಳ್ಳು ಕೆಂಪು ಪಟ್ಟಿಗೆ ಏರಿದರೆ, ಮೊದಲು ಹೊರೆ ಇಳಿಸಬೇಕು. ಹಬೆ ಬರುತ್ತಿಲ್ಲ, ಬೆಲ್ಟ್ ಸರಿಯಿದೆ, ನೀರು ಸೋರಿಲ್ಲ ಎಂದಾದರೆ ಒಂದೆರಡು ನಿಮಿಷ ಹೊರೆಯಿಲ್ಲದೆ ನಿಧಾನವಾಗಿ ಓಡಲು ಬಿಟ್ಟು ಮುಳ್ಳು ಇಳಿಯುವುದೇ ನೋಡಬಹುದು. ಹಬೆ ಎದ್ದಿದ್ದರೆ, ನೀರು ಹೋಗಿದ್ದರೆ ಕೂಡಲೇ ಬಂದ್ ಮಾಡಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬಾರದು. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿಗಿಂತ ಹೆಚ್ಚು ಕಾದಿದ್ದರೂ ಕುದಿಯದೆ ಇರುತ್ತದೆ; ಮುಚ್ಚಳ ತೆಗೆದೊಡನೆ ಹಬೆಯಾಗಿ ಮುಖಕ್ಕೇ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ಕೊಡದಿಂದ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ನೆರಳಿನಲ್ಲಿ ಕುಳಿತು ಅರ್ಧ ತಾಸು ಕಾಯುವುದೊಂದೇ ಉಪಾಯ.

ಈ ಕಾವು ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಒಕ್ಕಣೆಯ ಕಾಲದಲ್ಲಿ. ಟ್ರ್ಯಾಕ್ಟರ್ ನಿಂತಲ್ಲಿಯೇ ತಾಸುಗಟ್ಟಲೆ ಯಂತ್ರ ತಿರುಗಿಸುತ್ತದೆ, ಹೊಟ್ಟು ಹಾರಿ ಮುಂದಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ, ಗಾಳಿ ಹೋಗುವುದಿಲ್ಲ. ಗಾಳಿಯ ದಿಕ್ಕು ನೋಡಿ ಗಾಡಿಯನ್ನು ಮೇಲ್ಗಾಳಿಯ ಕಡೆ ನಿಲ್ಲಿಸಿ, ತಾಸಿಗೊಮ್ಮೆ ಎಂಜಿನ್ ಬಂದ್ ಮಾಡಿ ಜಾಲರಿಯನ್ನು ಬ್ರಷ್ಷಿನಿಂದ ಉಜ್ಜಿದರೆ ಈ ದೀಪ ಬಹುಮಟ್ಟಿಗೆ ಹತ್ತುವುದೇ ಇಲ್ಲ. ಇನ್ನೊಂದು ಕಾರಣ ಬೋರ್‌ವೆಲ್ ನೀರು. ಹನಿ ನೀರಾವರಿಯ ತೂತುಗಳನ್ನು ಕಟ್ಟಿಸುವ ಆ ಬಿಳಿ ಸುಣ್ಣವೇ ರೇಡಿಯೇಟರಿನೊಳಗೂ ಕಟ್ಟುತ್ತದೆ. ಡ್ರಿಪ್ಪಿಗೆ ಆಮ್ಲ ಹಾಯಿಸಿ ತೊಳೆಯುವ ರೈತರೇ ಅದೇ ನೀರನ್ನು ಗಾಡಿಗೆ ತುಂಬುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಂಪನಿ ಹೇಳಿದ ಕೂಲೆಂಟ್ ಹಾಕುವುದೇ ಸರಿ.

ಹಳದಿ ದೀಪಗಳಲ್ಲಿ ಏರ್ ಕ್ಲೀನರಿನದು ರೋಟವೇಟರ್ ಹೊಡೆಯುವವರಿಗೆ ಮುಖ್ಯ. ಒಣ ಫಿಲ್ಟರ್ ಧೂಳಿನಿಂದ ಕಟ್ಟಿದಾಗ ಇದು ತಿಳಿಸುತ್ತದೆ. ದೀಪ ಹತ್ತುವ ಮೊದಲೇ ದಿನಕ್ಕೆರಡು ಸಲ ಬಿಚ್ಚಿ ಟೈರಿಗೆ ಬಡಿಯುವ ಅತಿ ಶುದ್ಧಿಯೂ ಒಳ್ಳೆಯದಲ್ಲ. ಬಿಚ್ಚಿದಾಗಲೆಲ್ಲ ಸ್ವಲ್ಪ ಧೂಳು ಒಳಗೆ ಹೋಗುತ್ತದೆ, ಬಡಿದರೆ ಕಾಗದ ಹರಿಯುತ್ತದೆ. ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಬೇಕು. ಒಳಗಿನ ಚಿಕ್ಕ ಫಿಲ್ಟರನ್ನು ತೊಳೆಯಬಾರದು, ಊದಬಾರದು; ಬದಲಿಸಬೇಕು. ಸುರುಳಿಯಂಥ ಹಳದಿ ಚಿತ್ರವಿದ್ದ ಗಾಡಿಗಳಲ್ಲಿ ಅದು ಆರಿದ ಮೇಲೆ ಸ್ಟಾರ್ಟ್ ಮಾಡಿದರೆ ಚಳಿಗಾಲದ ಮುಂಜಾನೆ ಬ್ಯಾಟರಿಗೆ ಕಷ್ಟ ತಪ್ಪುತ್ತದೆ. ಕಾರಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಸ್ಥಿರವಾಗಿ ಉರಿದರೆ ನಾಲ್ಕಾರು ದಿನದಲ್ಲಿ ತೋರಿಸಿರಿ. ಮಿಣುಕಿದರೆ ವೇಗ ಇಳಿಸಿ ಅಂದೇ ತೋರಿಸಿರಿ. ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಕೆಂಪು ದೀಪ ಬ್ರೇಕಿನದು. ಕೈಬ್ರೇಕ್ ಬಿಟ್ಟ ಮೇಲೂ ಅದು ಆರದಿದ್ದರೆ ಬ್ರೇಕ್ ಆಯಿಲ್ ಇಳಿದಿರುವ ಸಂಭವವಿದೆ. ಸಂತೆಗೆ ತರಕಾರಿ ಹೇರಿದ ಪಿಕಪ್ಪನ್ನು ಆ ದೀಪದೊಂದಿಗೆ ಘಟ್ಟ ಇಳಿಸುವುದು ಆತ್ಮಹತ್ಯೆಗೆ ಸಮಾನ.

ಹೊಸ ಗಾಡಿಗಳ ಹೊಸ ದೀಪಗಳು

2020ರ ಏಪ್ರಿಲ್ 1ರಿಂದ ರಸ್ತೆ ವಾಹನಗಳಿಗೆ ಭಾರತ್ ಸ್ಟೇಜ್ 6ನೆಯ ನಿಯಮ, 2023ರ ಜನವರಿ 1ರಿಂದ 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಟ್ರೆಮ್ 4ನೆಯ ಹಂತದ ನಿಯಮ ಬಂದ ಮೇಲೆ ಹೊಗೆ ಶುದ್ಧ ಮಾಡುವ ಸಾಧನಗಳು ಸೇರಿವೆ. ಕೆಲವು ಮಾದರಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ದೀಪ ಹತ್ತುತ್ತದೆ. ಗಾಡಿ ತಾನಾಗಿಯೋ ಬಟನ್ ಒತ್ತಿದ ಮೇಲೋ ಆ ಮಸಿಯನ್ನು ಒಳಗೇ ಸುಟ್ಟುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಫಿಲ್ಟರಿನೊಳಗೆ ಸುಮಾರು 600 ಡಿಗ್ರಿ ಕಾವಿರುತ್ತದೆ. ಮೇವಿನ ಬಣವೆಯ ಪಕ್ಕದಲ್ಲಿ, ಕಣದಲ್ಲಿ, ಒಣ ರವದಿಯ ಮೇಲೆ ಗಾಡಿ ನಿಲ್ಲಿಸಿ ಈ ಕೆಲಸ ಮಾಡಿಸಬಾರದು. ಬಯಲಿಗೆ ತೆಗೆದುಕೊಂಡು ಹೋಗಿರಿ.

ಇನ್ನೊಂದು, ನನ್ನ ಶಾಸ್ತ್ರಕ್ಕೇ ತಾಗುವ ಮಾತು. ಲಾರಿಗಳಲ್ಲಿ ಮತ್ತು ಕೆಲವು ಡೀಸೆಲ್ ಗಾಡಿಗಳಲ್ಲಿ ಡಿಇಎಫ್ ಎಂಬ ದ್ರವದ ಬೇರೆ ಟ್ಯಾಂಕ್ ಇದೆ. ಅದು ಇಳಿದಾಗ ದೀಪ ಹತ್ತುತ್ತದೆ. ನಿರ್ಲಕ್ಷಿಸಿದರೆ ಎಂಜಿನ್ನಿನ ಬಲ ಇಳಿಯುತ್ತದೆ. ಈ ದ್ರವದಲ್ಲಿರುವುದು ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧ ನೀರು. ಇದನ್ನು ತಿಳಿದ ಕೆಲವರು "ಮನೆಯಲ್ಲಿ ಚೀಲ ಇದೆಯಲ್ಲ, ಕಲಸಿ ಹಾಕಿದರಾಯಿತು" ಎಂದು ನನ್ನನ್ನು ಕೃಷಿ ಮೇಳದಲ್ಲಿ ಕೇಳಿದ್ದಾರೆ. ಖಂಡಿತ ಕೂಡದು. ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪನವಿದೆ. ಬೈಯುರೆಟ್ ನೂರಕ್ಕೆ 1.5 ಭಾಗದವರೆಗೆ ಇರಲು ಅವಕಾಶವಿದೆ. ಬೆಳೆಗೆ ಒಳ್ಳೆಯದಾದ ಆ ಲೇಪನವೂ ಬೋರ್ ನೀರಿನ ಲವಣಗಳೂ ಆ ದುಬಾರಿ ಸಾಧನವನ್ನು ಕಟ್ಟಿಸಿ ಕೆಡಿಸುತ್ತವೆ. ಸಬ್ಸಿಡಿ ಯೂರಿಯಾವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೂ ವಿರುದ್ಧ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ದೀಪಗಳ ಅರ್ಥವನ್ನು ಡ್ರೈವರಿಗೆ ಕಲಿಸಿದರೆ ಸಾಕೆಂದು ಹಲವರು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ನಮ್ಮ ಡ್ರೈವರಿಗೆ ಆ ದೀಪದ ಅರ್ಥ ಗೊತ್ತಿತ್ತು. ಅವನಿಗೆ ಇಲ್ಲದಿದ್ದುದು ನಿಲ್ಲಿಸುವ ಅಧಿಕಾರ. ದಿನಗೂಲಿಯವನು ಗಾಡಿ ನಿಲ್ಲಿಸಿದರೆ ಕಳ್ಳಬಿದ್ದನೆಂಬ ಮಾತು ಬರುತ್ತದೆ; ಎಕರೆ ಲೆಕ್ಕದಲ್ಲಿ ಹೊಡೆಯುವವನಿಗೆ ನಿಂತ ಹೊತ್ತಿಗೆ ದುಡ್ಡಿಲ್ಲ; ಬಾಡಿಗೆಗೆ ತಂದ ರೈತ ತನ್ನ ಹದ ಹೋಗುತ್ತದೆಂದು ಅವಸರಪಡಿಸುತ್ತಾನೆ. ಮೂರೂ ಕಡೆಯಿಂದ ಒತ್ತಡ, ಆಯಿಲಿಗೆ ಮಾತ್ರ ಒತ್ತಡವಿಲ್ಲ! ಆದುದರಿಂದ ಗಾಡಿಯ ಯಜಮಾನನೇ ಮೊದಲ ದಿನ, ನಾಲ್ಕು ಜನರ ಎದುರಿಗೆ ಹೇಳಬೇಕು: ಕೆಂಪು ಬಂದರೆ ನನ್ನನ್ನು ಕೇಳದೆ ನಿಲ್ಲಿಸು, ಸುಳ್ಳು ದೀಪವಾದರೂ ಬೈಯುವುದಿಲ್ಲ, ನಿಂತ ಹೊತ್ತಿನ ಕೂಲಿ ಹಿಡಿಯುವುದಿಲ್ಲ. ಹೀಗೆ ಹೇಳಿ, ಮೊದಲ ಸಲ ದೀಪ ಸುಳ್ಳಾದಾಗ ಸಿಟ್ಟು ನುಂಗಿಕೊಳ್ಳುವುದು ಸುಲಭವಲ್ಲ. ನನ್ನ ಅಣ್ಣನಿಗೂ ಸುಲಭವಾಗಲಿಲ್ಲ. ಹೊಸ ಡ್ರೈವರ್ ಒಂದು ಸಲ ಬ್ಯಾಟರಿ ದೀಪಕ್ಕೆಂದು ಕಬ್ಬಿನ ಟ್ರೈಲರನ್ನು ರಸ್ತೆ ಬದಿಗೆ ನಿಲ್ಲಿಸಿ ಫೋನ್ ಮಾಡಿದಾಗ ಅಣ್ಣ ಹಲ್ಲು ಕಚ್ಚಿಕೊಂಡೇ ಬೈಕ್ ಹತ್ತಿದ. ಹೋಗಿ ನೋಡಿದರೆ ಬೆಲ್ಟ್ ಹರಿದು ಜೋತುಬಿದ್ದಿತ್ತು, ಎಂಜಿನ್ ಇನ್ನೂ ತಣ್ಣಗಿತ್ತು. ಬೆಲ್ಟ್ ತಂದು ಹಾಕಿ ಸಂಜೆಯೊಳಗೆ ಕಬ್ಬು ಮುಟ್ಟಿಸಿದರು.

ಹೊಸ ಗಾಡಿ ಕೊಳ್ಳುವಾಗ ಕಾಯಿ ಒಡೆದು, ಫೋಟೋ ತೆಗೆಸಿ, ಕೀಲಿ ಇಸಿದುಕೊಂಡು ಬರುವುದು ನಮ್ಮ ರೂಢಿ. ಮಾರುವವರು ದೀಪಗಳನ್ನು ಒಂದೊಂದಾಗಿ ತೋರಿಸಿ ಹೇಳುವುದು ಅಪರೂಪ, ನಾವು ಕೇಳುವುದು ಇನ್ನೂ ಅಪರೂಪ. ಡ್ರೈವರನ್ನು ಜೊತೆಗೆ ಕರೆದೊಯ್ದು ಅರ್ಧ ತಾಸು ಕುಳಿತು ಕೇಳಿರಿ. ಕನ್ನಡದ ಕೈಪಿಡಿ ಇದ್ದರೆ ಕೊಡಿರೆಂದು ಹಟ ಹಿಡಿಯಿರಿ. ಹಳೆಯ ಗಾಡಿ ಕೊಳ್ಳುವವರು ಮಾತ್ರ ಇನ್ನೂ ಎಚ್ಚರದಿಂದಿರಬೇಕು. ಬಣ್ಣ, ಟೈರು ನೋಡುವ ಮೊದಲೇ ಮಾಲೀಕನ ಎದುರಿಗೆ ಕೀಲಿಯನ್ನು ಅರ್ಧ ತಿರುಗಿಸಿ ನಿಲ್ಲಿಸಿರಿ. ಎಣ್ಣೆ ಗಿಂಡಿಯ ದೀಪ ಹತ್ತದಿದ್ದರೆ ಬಲ್ಬ್ ಹೋಗಿದೆಯೋ, ಬೇಕೆಂದೇ ತೆಗೆದಿದ್ದಾರೋ ಎಂದು ಕೇಳಿರಿ. ಹೊಸ ಬಲ್ಬ್ ಹಾಕಿಸಿ, ಎಂಜಿನ್ ಚೆನ್ನಾಗಿ ಕಾಯುವಷ್ಟು ಓಡಿಸಿ, ನಿಧಾನ ಓಟದಲ್ಲಿ ದೀಪ ಮಿಣುಕುವುದೇ ನೋಡಿದ ಮೇಲೆಯೇ ಬೆಲೆಯ ಮಾತಾಡಿರಿ.